ಪಡುವಣ ಗೋಡೆ

ಮರುಭೂಮಿಯ ನಮ್ಮ ಊರು ಪೋಸೊ ಹೊಂದೊದಲ್ಲಿ ಕಟ್ಟಡದ ನಕ್ಷೆ ಬರೆಯುವ ಡೆಲ್ಫಿನಾ ಬುಸ್ತಮಾಂತೆಯನ್ನು ಜನ ದೂರದಿಂದಲೇ ಗುರುತು ಹಿಡಿಯುತ್ತಿದ್ದದ್ದು ಅವಳ ಮಡಚುವ ಕುರ್ಚಿಯಿಂದ. ಯಾರದೇ ಮನೆಯಾಗಲಿ, ಅಂಗಡಿಯಾಗಲಿ, ಕಟ್ಟುವ ಬಯಲಿನಲ್ಲಿ ಕುರ್ಚಿ ಹಾಕಿಕೊಂಡು, ಅಗಲ ಟೋಪಿ ಇಟ್ಟುಕೊಂಡು, ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಕೂತು ನೆರಳು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಅಂತ ನೋಡದೆ ಅವಳು ಕಾಗದದ ಮೇಲೆ ಒಂದು ಗೀಟೂ ಎಳೆದವಳಲ್ಲ. ಹೋಗುವವರು ಬರುವವರು ಬಸ್ಸಿಗೆ ಕಾಯುತ್ತಿದ್ದೀಯಾ ಅಂತ ಕೆಣಕುತ್ತಿದ್ದರು. ಹೂಂ, ನೀನು ಓಡಿಸುವ ಬಸ್ಸು, ಅದಕ್ಕೇ ಇನ್ನೂ ಬಂದಿಲ್ಲ ಅನ್ನುತ್ತಿದ್ದಳು. ಇಲ್ಲಿ ನೂರು ಮೈಲಿ ಸುತ್ತಿದರೂ ಬಸ್ಸಿಲ್ಲ, ಅದು ಬೇರೆ ಮಾತು.

ಆ ಕುರ್ಚಿಯ ಬುದ್ಧಿ ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಫಿದೆನ್ಸಿಯೊ, ಊರಿಗೆಲ್ಲ ಚೆಂಚೊ, ಕಸುಬಿನಲ್ಲಿ ಮಣ್ಣಿನ ಇಟ್ಟಿಗೆ ಮಾಡುವವನು. ಅದರ ಜೊತೆಗೆ ಮೂವತ್ತೊಂದು ವರ್ಷ ಬಿಟ್ಟಿಯಾಗಿ ಬೆಂಕಿ ಆರಿಸಿದವನು. ಆಗೆಲ್ಲ ನಮ್ಮಲ್ಲಿ ಅಗ್ನಿಶಾಮಕದವರಿಗೆ ಸಂಬಳ ಎಲ್ಲಿತ್ತು? ಸೈರನ್ ಕೂಗಿತೋ, ಇಟ್ಟಿಗೆ ಅಚ್ಚನ್ನು ಅಲ್ಲೇ ಬಿಸಾಕಿ, ಮಣ್ಣುಗೈಯಲ್ಲೇ ಲಾರಿ ಹತ್ತುತ್ತಿದ್ದ. ಅಡ್ಡಹೆಸರಿನಿಂದ ಕರೆದರೆ ಓಗೊಡುತ್ತಿದ್ದ, ಪೂರ್ತಿ ಹೆಸರು ಹಿಡಿದು ಕರೆದರೆ ಕೇಳಿಸದವನ ಹಾಗೆ ಇರುತ್ತಿದ್ದ. ಅಂಥ ಆಸಾಮಿ.

ಹಳೆಯ ಅಗ್ನಿಶಾಮಕ ಠಾಣೆ ಹೆದ್ದಾರಿ ಪಕ್ಕದ ಒಂದು ತಗಡಿನ ಷೆಡ್ಡು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅದರ ಎರಡು ಕಡೆಯ ಬಾಗಿಲೂ ತೆರೆದೇ ಇರುತ್ತಿದ್ದವು. ಬಿಸಿಲಿಗೆ ತಲೆ ತಿರುಗಿದವರು, ಮನೆಯ ಕೂಲರ್ ಕೆಟ್ಟವರು, ಹೆಂಡತಿಯ ಕೈಲಿ ಬೈಸಿಕೊಂಡವರು, ಎಲ್ಲ ಸೀದಾ ಒಳಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಯಾಕೆ ಬಂದಿರಿ ಅಂತ ಕೇಳುವ ಪದ್ಧತಿಯೇ ಇರಲಿಲ್ಲ. ಕೆಲಸ ಬಿಟ್ಟ ಮೇಲೂ ಚೆಂಚೊ ದಿನಾ ಮೂರು ಗಂಟೆಗೆ ಅಲ್ಲಿ ಹಾಜರು. ಪಡುವಣ ಓಣಿಯಲ್ಲಿ ಅವನದೊಂದು ತಗಡಿನ ಮನೆ, ಮಧ್ಯಾಹ್ನಕ್ಕೆ ಕಾದ ಬಾಣಲೆ. ನಮ್ಮ ಮನೆಗೆ ಬಂದಿರು ಅಂತ ಮಗಳು ಕರೆದು ಕರೆದು ಸಾಕಾಗಿದ್ದಳು. ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಹೊಸ ಠಾಣೆಗೆ ಕೌಂಟಿಯವರು, ಅಂದರೆ ನಮ್ಮ ಜಿಲ್ಲಾಡಳಿತದವರು, ಮಂಜೂರಾತಿ ಕೊಟ್ಟು ನಕ್ಷೆಯ ಕೆಲಸ ಡೆಲ್ಫಿನಾಗೆ ಒಪ್ಪಿಸಿದಾಗ ಅವಳಿಗೆ ಐವತ್ತೊಂದು ವಯಸ್ಸು. ಅಲ್ಲಿಯವರೆಗೆ ಅವಳು ಕಟ್ಟಿದ್ದೆಲ್ಲ ಗ್ಯಾರೇಜು, ದಂತವೈದ್ಯರ ಕೋಣೆ, ಯಾರದೋ ಮನೆಗೆ ಇನ್ನೊಂದು ಬಚ್ಚಲು. ಇದು ಅಪ್ಪನ ಠಾಣೆ. ಅವನು ಕಣ್ಣುಮುಚ್ಚುವ ಮೊದಲು ಅವನು ಕೂರಲು ತಂಪಾದ ಒಂದು ಜಾಗ ಮಾಡಿಕೊಡಬೇಕು ಅನ್ನುವುದು ಅವಳ ಆಸೆ. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು.

ಠಾಣೆಗೆ ಗೊತ್ತಾದ ಜಾಗ ಹೆದ್ದಾರಿಗೂ ಪಡುವಣ ಓಣಿಗೂ ನಡುವಿನ ಬಯಲು. ಈ ಸಲ ಎರಡು ಕುರ್ಚಿ. ಅಪ್ಪ ಮಗಳು ಇಬ್ಬರೂ ಕೂತರು, ಬುತ್ತಿಯಲ್ಲಿ ಒಣಮಾಂಸ ಸುತ್ತಿದ ಟೋರ್ಟಿಯಾ ರೊಟ್ಟಿ. ಮೂರು ಗಂಟೆಯ ಸೂರ್ಯ ಮುಖಕ್ಕೆ ಹೊಡೆಯತೊಡಗಿದಾಗ ಚೆಂಚೊ ಕುರ್ಚಿ ತಿರುಗಿಸಿ ಬೆನ್ನು ಕೊಟ್ಟು ಕೂತ.

"ಪಡುವಣಕ್ಕೆ ಒಂದು ಸೂಜಿತೂತನ್ನೂ ಬಿಡಬೇಡ ಮಗಳೇ," ಅಂದ. "ಆ ಕಡೆ ಸೂರ್ಯಂದು. ಅವನಿಗೆ ಬೆನ್ನು ಕೊಡು, ಅಷ್ಟೇ."

ಇಲ್ಲಿ ಮಣ್ಣು ಮುಟ್ಟಿದವರಿಗೆಲ್ಲ ಗೊತ್ತಿರುವ ಮಾತೇ ಇದು. ಅವಳೂ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವಳು. ಅದರಂತೆಯೇ ಬರೆದಳು. ಅದೇ ಬಯಲಿನ ಮಣ್ಣನ್ನು ಅಗೆದು, ಹಲಗೆಗಳ ನಡುವೆ ಸುರಿದು, ಪದರ ಪದರವಾಗಿ ಬಡಿದು ಎರಡಡಿ ದಪ್ಪದ ಗೋಡೆ. ಅಲ್ಲಿದ್ದ ಏಳು ಸಗುವಾರೊ ಕಳ್ಳಿಗಳಲ್ಲಿ ಒಂದನ್ನೂ ಕದಲಿಸಲಿಲ್ಲ, ಕಟ್ಟಡವೇ ಅವುಗಳ ನಡುವೆ ಮೈ ತಿರುಗಿಸಿಕೊಂಡು ನಿಂತಿತು. ಲಾರಿಯ ಬಾಗಿಲು, ಜನರ ಬಾಗಿಲು, ಕಿಟಕಿ, ಎಲ್ಲ ಮೂಡಣಕ್ಕೆ, ಹೆದ್ದಾರಿಯ ಕಡೆಗೆ. ಪಡುವಣಕ್ಕೆ ಬರೀ ಗೋಡೆ. ಜುಲೈ ಮಳೆಯ ನೀರು ಮಾಡಿನಿಂದ ಇಳಿದು ಮೆಸ್ಕೀಟ್ ಮರದ ಬುಡಕ್ಕೆ ಹೋಗಲೆಂದು ಆ ಗೋಡೆಗೆ ಒಂದು ಉಕ್ಕಿನ ಕೊಳವೆ. ಅದು ಬಿಟ್ಟರೆ ಏನೂ ಇಲ್ಲ.

ಜೈಲು ಕಟ್ಟಿದ್ದಾಳೆ ಅಂತ ಠಾಣೆಯ ಹುಡುಗರು ಮೊದಲು ಮೂಗು ಮುರಿದರು. ಬೇಸಿಗೆ ಬಂತು ನೋಡಿ, ಎಲ್ಲರ ಬಾಯಿ ಮುಚ್ಚಿತು. ಹೊರಗೆ ಕಾರಿನ ಹಿಡಿ ಮುಟ್ಟಿದರೆ ಬೊಬ್ಬೆ ಏಳುವಾಗ ಒಳಗೆ ಹೂಜಿಯ ನೀರಿನಂಥ ತಂಪು. ಠಾಣೆಯ ಕ್ಯಾಪ್ಟನ್ ಹ್ಯಾಕೆಟ್ ಊಟದ ಮೇಜನ್ನು ಪಡುವಣ ಗೋಡೆಗೇ ತಾಗಿಸಿ ಹಾಕಿಸಿದ. ಯಾವುದೋ ಪತ್ರಿಕೆಯವರು ಬಂದು ಆ ಗೋಡೆಯ ಚಿತ್ರ ತೆಗೆದರು, ನಿಂತಿದ್ದವರನ್ನೆಲ್ಲ ಪಕ್ಕಕ್ಕೆ ಸರಿಸಿ. ಮನುಷ್ಯರಿದ್ದರೆ ಚಿತ್ರದ ಅಂದ ಕೆಡುತ್ತದಂತೆ! ಅಂದ ಅಂತೆ. ಹೋಗಲಿ ಬಿಡಿ.

ಚೆಂಚೊಗೆ ಮಾತ್ರ ಹಿಗ್ಗು ತಡೆಯಲಾಗಲಿಲ್ಲ. ಬಂದವರಿಗೆಲ್ಲ ಗೋಡೆ ಸವರಿ ತೋರಿಸುತ್ತಿದ್ದ. ಪಡುವಣ ಓಣಿಯವರು ಒಣಹಳ್ಳ ದಾಟಿ ಬಂದರೆ ಎದುರಿಗೆ ಸಿಗುವುದು ಗೋಡೆ. ಬಾಗಿಲಿಗೆ ಬರಬೇಕಾದರೆ ಇಡೀ ಕಟ್ಟಡ ಸುತ್ತಬೇಕು. ಹಾಗಾಗಿ ಮೊದಲಿನಂತೆ ಬರುವವರು ಕಡಿಮೆಯಾದರು. ಯಾರಾದರೂ ಗೊಣಗಿದರೆ ಚೆಂಚೊ, ಸುತ್ತು ಹಾಕಿದರೆ ನಿನ್ನ ಕಾಲೇನು ಸವೆಯುತ್ತದಾ ಅಂತ ಬಾಯಿ ಮುಚ್ಚಿಸುತ್ತಿದ್ದ. ಅವನ ಮಂಡಿಯೇ ಸವೆದಿತ್ತು. ದಿನಾ ಆ ಗೋಡೆಗೆ ಬೆನ್ನು ಕೊಟ್ಟು, ಸುಧಾರಿಸಿಕೊಂಡು, ಆಮೇಲೆ ಸುತ್ತುತ್ತಿದ್ದನಂತೆ. ಮಗಳಿಗೆ ಹೇಳಬೇಡ, ನೊಂದುಕೊಳ್ಳುತ್ತಾಳೆ ಅಂತ ತಂಗಿ ಯುಸೇಬಿಯಾಳ ಹತ್ತಿರ ಆಣೆ ಹಾಕಿಸಿಕೊಂಡಿದ್ದ.

ಎರಡನೇ ಬೇಸಿಗೆಯ ಜುಲೈ. ಪಡುವಣ ಓಣಿಯಲ್ಲಿ ಮಧ್ಯಾಹ್ನ ಕರೆಂಟು ಹೋಯಿತು. ಮಳೆಯ ಮೋಡ ಬೆಟ್ಟದ ಮೇಲೆ ನಿಂತಿತ್ತೇ ಹೊರತು ಕೆಳಗಿಳಿದಿರಲಿಲ್ಲ. ಚೆಂಚೊ ಕೋಲು ಹಿಡಿದು ಠಾಣೆಗೆ ಹೊರಟ. ಡೆಲ್ಫಿನಾ ಐವತ್ತು ಮೈಲಿ ಆಚೆ ಒಂದು ಶಾಲೆಯ ಕೆಲಸದಲ್ಲಿದ್ದಳು. ಐದು ಗಂಟೆಗೆ ಓಣಿಯ ಹೆಂಗಸೊಬ್ಬಳು ನಾಯಿ ಹುಡುಕುತ್ತಾ ಬಂದಾಗ ಮುದುಕ ಪಡುವಣ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ, ಟೋಪಿ ತೊಡೆಯ ಮೇಲಿತ್ತು. ಅವಳು ಬಾಗಿಲಿಗೆ ಸುತ್ತಿಕೊಂಡು ಹೋಗಿ ಕೂಗಿದಳು, ಒಳಗಿದ್ದವರು ಓಡಿ ಬಂದರು. ಜೀವ ಉಳಿಸುವುದೇ ಕೆಲಸವಾಗಿದ್ದ ಐದು ಜನ, ಆಮ್ಲಜನಕ, ಮಂಜುಗಡ್ಡೆ, ಎಲ್ಲ ಇತ್ತು. ಎರಡಡಿ ಆಚೆಗೆ ಇತ್ತು. ಹೋದ ಜೀವ ಹೋಗಿತ್ತು.

ಅವಳನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಸತ್ತವರಿಗಾಗಿ ಪ್ರಾರ್ಥಿಸುವ ಒಂಬತ್ತು ದಿನವೂ ಮನೆ ತುಂಬ ಜನ, ಜಪಮಾಲೆ ಹಿಡಿದು ಪ್ರಾರ್ಥನೆ, ದೊಡ್ಡ ಪಾತ್ರೆಯಲ್ಲಿ ಬೀನ್ಸ್ ಕಾಳು, ಕಾಫಿ. ಯುಸೇಬಿಯಾ ಅತ್ತೆ ಅವಳ ತಲೆ ಸವರುತ್ತಾ, ಗೋಡೆ ಹಾಗಿರಲಿ ಅಂತ ಹೇಳಿದ್ದೇ ಅವನು, ನಿನ್ನ ತಪ್ಪೇನೇ ಅಂದಳು. ಬೈದಿದ್ದರಾದರೂ ಚೆನ್ನಾಗಿತ್ತು. ಡೆಲ್ಫಿನಾಗೆ ಒಂದು ತೊಟ್ಟು ಕಣ್ಣೀರು ಬರಲಿಲ್ಲ. ಅವಳ ತಲೆ ತಿನ್ನುತ್ತಿದ್ದದ್ದು ಒಂದೇ ಪ್ರಶ್ನೆ: ಅಪ್ಪ ಕರೆದನೇ? ಕೂತವನು ಹಾಗೇ ಕಣ್ಣುಮುಚ್ಚಿದನೇ, ಅಥವಾ ಒಳಗೆ ಜನರಿದ್ದಾರೆ ಅಂತ ಗೊತ್ತಿದ್ದೂ ಬಡಿದು ಬಡಿದು ಸೋತನೇ?

ಡಾಕ್ಟರನ್ನು ಕೇಳಿದಳು. ತಕ್ಷಣವೂ ಆಗಿರಬಹುದು, ಅರ್ಧ ಗಂಟೆಯೂ ಆಗಿರಬಹುದು ಅಂದರು. ಹ್ಯಾಕೆಟ್‌ನನ್ನು ಕೇಳಿದಳು. ಅವನು ಟೋಪಿ ತೆಗೆದು, ನಮಗೇನೂ ಕೇಳಿಸಲಿಲ್ಲ ಅಂದ. ಒಂದು ದಿನ ಅವನನ್ನು ಒಳಗೆ ನಿಲ್ಲಿಸಿ ತಾನು ಹೊರಗಿನಿಂದ ಗೋಡೆಗೆ ಮುಷ್ಟಿ ಗುದ್ದಿದಳು, ಗೆಣ್ಣು ಒಡೆದು ರಕ್ತ ಬರುವವರೆಗೆ. ಒಳಗೆ ಸದ್ದಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದಳು.

ಸೆಪ್ಟೆಂಬರಿನಲ್ಲಿ ಕೌಂಟಿಯವರು ಪಡುವಣಕ್ಕೊಂದು ಬಾಗಿಲು ತೆಗೆಯೋಣವೇ ಅಂತ ಕೇಳಿದರು. ಅವಳು ಅದೇ ವಾರ ನಕ್ಷೆ ಬರೆದುಕೊಟ್ಟಳು. ಗೋಡೆ ಕೊಯ್ಯುವ ಗರಗಸ ಬರಬೇಕಾಗಿದ್ದ ಹಿಂದಿನ ಮಧ್ಯಾಹ್ನ ಗುರುತು ಹಾಕಲು ಹೋದಳು. ಅಳತೆಯ ಪಟ್ಟಿಯ ಇನ್ನೊಂದು ತುದಿ ಹಿಡಿಯಲು ಲೈಲ್ ಬಂದ. ಅಗ್ನಿಶಾಮಕ ಲಾರಿಯ ಚಾಲಕ, ನಲವತ್ತು ದಾಟಿದವನು, ಚೆಂಚೊನ ಕೈಯಲ್ಲಿ ಪಳಗಿದವನು. ಗುರುತು ಹಾಕಿ ಮುಗಿದರೂ ಪಟ್ಟಿಯ ತುದಿ ಬಿಡದೆ ನಿಂತಿದ್ದ.

"ನಮಗೆ ಕೇಳಿಸ್ತು ಡೆಲ್ಫಿನಾ," ಅಂದ.

ಅವನು ನೆಲ ನೋಡಿಕೊಂಡು ಹೇಳುತ್ತಾ ಹೋದ. ಆ ವರ್ಷ ವಸಂತದಿಂದಲೂ ಒಂದು ಮರಕುಟಿಗ ಆ ಉಕ್ಕಿನ ಕೊಳವೆಯನ್ನು ಕುಟ್ಟುತ್ತಿತ್ತು. ಈ ಕಡೆ ಅದೇನೂ ಹೊಸದಲ್ಲ, ಕಳ್ಳಿಯಲ್ಲಿ ಗೂಡು ಮಾಡಿಕೊಂಡ ಹಕ್ಕಿ ಕಬ್ಬಿಣ ಕಂಡರೆ ಕುಟ್ಟಿ, ಈ ಜಾಗ ನನ್ನದು ಅಂತ ಸಾರುತ್ತದೆ. ಎಲ್ಲರ ಮನೆಯಲ್ಲೂ ಅದರ ಕಾಟ ಇದ್ದದ್ದೇ. ಆ ದಿನ ಮೇಜಿನ ಮುಂದೆ ಕೂತಿದ್ದಾಗ ಕೊಳವೆಯಿಂದ ಮಾಡಿನ ಉಕ್ಕಿಗೇರಿ ಟಣ ಟಣ ಅಂತ ಸದ್ದು ಒಳಗೆ ಬಂತು. ಎಲ್ಲ ನಕ್ಕರು. ಚೆಂಚೊ ಬರುವ ಹೊತ್ತಾಯಿತು, ಬಂದ ಕೂಡಲೇ ಅವನಿಗೆ ಹೇಳಿ ಓಡಿಸೋಣ ಅಂತ ಯಾರೋ ಅಂದರು.

"ಅಂದದ್ದು ನಾನೇ," ಅಂದ ಲೈಲ್. "ಯಾರೋ ಅಲ್ಲ. ನಾನೇ ಅಂದಿದ್ದು."

"ಎಷ್ಟು ಹೊತ್ತು ಹೊಡೆದ?"

"ಎರಡನೇ ಕಾಫಿ ಕುಡಿದು ಮುಗಿಸೋ ತನಕ. ಆಮೇಲೆ ನಿಂತ್ಹೋಯ್ತು." ಅವನು ಕೊಳವೆಯ ಕಡೆ ಕೈ ತೋರಿಸಿದ. "ಮೂರು, ಮೂರು, ಮೂರು. ಹಕ್ಕಿ ಹಂಗೆ ಕುಟ್ಟಲ್ಲ. ಹೊಗೇಲಿ ಸಿಕ್ಕಾಕೊಂಡ್ರೆ ಕೈಗೆ ಸಿಕ್ಕಿದ ಕಬ್ಬಿಣಕ್ಕೆ ಮೂರು ಮೂರು ಸಲ ಹೊಡಿ, ನಾವು ಬರ್ತೀವಿ ಅಂತ ನನಗೆ ಕಲಿಸಿದ್ದೇ ನಿಮ್ಮಪ್ಪ. ನನಗೆ ಹೊಳೀಲೇ ಇಲ್ಲ. ನಗ್ತಾ ಕೂತಿದ್ದೆ. ಬೈಯಿ ನನ್ನ, ಏನಾದ್ರೂ ಅನ್ನು."

ಅವಳ ಎದುರಿಗೆ ನಿಂತವನು ಅಪ್ಪನಿಗಾಗಿ ಎರಡು ತಿಂಗಳಿಂದ ಒಳಗೊಳಗೇ ಬೆಂದು ಅರ್ಧ ಆಗಿದ್ದ. ತಾನೂ ಹಾಗೇ. ಹತ್ತಿರ ಬಿದ್ದಿದ್ದ ಒಂದು ಒಣಕೋಲನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ನಾನು ಒಳಗೆ ಹೋಗಿ ಕೂರ್ತೀನಿ. ನೀನು ಅದೇ ಥರ ಹೊಡಿ."

"ಬೇಡ ಡೆಲ್ಫಿನಾ."

"ಹೊಡಿ ಲೈಲ್. ನಾನು ಕೇಳ್ಬೇಕು."

ಸುತ್ತಿಕೊಂಡು ಮೂಡಣ ಬಾಗಿಲಿಂದ ಒಳಗೆ ಹೋದಳು. ಊಟದ ಮೇಜಿನ ಮುಂದೆ ಹ್ಯಾಕೆಟ್ ಮತ್ತಿಬ್ಬರು ಇದ್ದರು, ಅವಳ ಮುಖ ನೋಡಿ ಎದ್ದು ನಿಂತರು. ಲೈಲ್‌ನ ಖಾಲಿ ಕುರ್ಚಿಯಲ್ಲಿ ಕೂತು ಗೋಡೆ ನೋಡಿದಳು. ಕೆಂಪು ಪದರ, ಕಂದು ಪದರ, ಒಂದರ ಮೇಲೊಂದು, ಒಂದೊಂದನ್ನೂ ಅವಳೇ ಆರಿಸಿದ್ದು.

ಸದ್ದು ಬಂತು. ಮೂರು. ಸ್ವಲ್ಪ ತಡೆದು ಮತ್ತೆ ಮೂರು. ಪಕ್ಕದ ಕೋಣೆಯಲ್ಲಿ ಯಾರೋ ತಟ್ಟೆ ತಟ್ಟಿದಷ್ಟು ಸ್ಪಷ್ಟವಾಗಿತ್ತು. ಹ್ಯಾಕೆಟ್ ಮುಖ ಮುಚ್ಚಿಕೊಂಡ. ಮತ್ತೆ ಮೂರು.

ಅವಳು ಕುರ್ಚಿ ಉರುಳಿಸಿ ಎದ್ದಳು. ಬಾಗಿಲು ದಾಟಿ, ಲಾರಿಗಳ ಮುಂದೆ ಹಾದು, ಮೂಲೆ ತಿರುಗಿ, ಕಳ್ಳಿಗಳ ನಡುವೆ ಓಡಿದಳು. ಐವತ್ಮೂರರ ಹೆಂಗಸು, ಏದುಸಿರು ಬಿಡುತ್ತಾ, ಬರ್ತಾ ಇದ್ದೀನಿ ಅಪ್ಪಾ, ಬರ್ತಾ ಇದ್ದೀನಿ ಅಂತ ಬಡಬಡಿಸುತ್ತಾ ಓಡಿದಳು. ಪಡುವಣ ಮೂಲೆ ತಿರುಗಿದಾಗ ಲೈಲ್ ಇನ್ನೂ ಕೋಲು ಎತ್ತಿ ಹೊಡೆಯುತ್ತಲೇ ಇದ್ದ, ಕೆನ್ನೆಯೆಲ್ಲ ಒದ್ದೆ. ಅವಳು ಅವನ ಕೈ ಹಿಡಿದು ನಿಲ್ಲಿಸಿದಳು.

"ಎಷ್ಟು ಹೊತ್ತಾಯ್ತು ನಾನು ಬರೋಕೆ?"

ಅವನು ಕೋಲು ಕೆಳಗೆ ಹಾಕಿದ. ಅವಳು ಅವನ ಕೈ ಬಿಡಲಿಲ್ಲ.

"ಒಂದು ನಿಮಿಷನೂ ಆಗ್ಲಿಲ್ಲ ಕಣಮ್ಮಾ," ಅಂದ.

ಡೆಲ್ಫಿನಾ ಅಲ್ಲೇ, ಗೋಡೆಯ ಬುಡದಲ್ಲಿ, ಬಿಸಿ ಮರಳಿನ ಮೇಲೆ ಕುಸಿದು ಕೂತಳು. ಜುಲೈನಿಂದ ಬಾರದಿದ್ದ ಅಳು ಆಗ ಬಂತು. ಓಣಿಯ ಜನ ಹೊರಗೆ ಬಂದು ನಿಂತು ನೋಡಿದರು, ಯಾರೂ ಹತ್ತಿರ ಹೋಗಲಿಲ್ಲ. ಲೈಲ್ ಮಾತ್ರ ಬಿಸಿಲಿಗೆ ಅಡ್ಡವಾಗಿ, ತನ್ನ ನೆರಳು ಅವಳ ಮೇಲೆ ಬೀಳುವ ಹಾಗೆ, ಹೊತ್ತು ಮುಳುಗುವವರೆಗೂ ಅಲ್ಲೇ ನಿಂತಿದ್ದ.