ಯಜಮಾನರ ಮಂಡಿ, ನೆರಳಪ್ಪನ ಕಾಲು

ಲಾಂಡ್ರಿಯಲ್ಲಿ ಅವನಿಗೆ ನೆರಳಪ್ಪ ಎಂದು ಹೆಸರಿಟ್ಟವಳು ಅವನ ಕೆಲಸದ ಜೋಡಿ, ಮಡಿಸುವ ಮೇಜಿನ ಅಕ್ಕ. ಹೋಟೆಲುಗಳ ಬೆಡ್‌ಶೀಟನ್ನು ಅಲ್ಲಿ ಇಬ್ಬಿಬ್ಬರಾಗಿ ಮಡಿಸುತ್ತಾರೆ. ಆಚೆಗೊಬ್ಬರು, ಈಚೆಗೊಬ್ಬರು, ಒಟ್ಟಿಗೆ ಜಾಡಿಸಿ, ಒಟ್ಟಿಗೆ ಹೆಜ್ಜೆಯಿಟ್ಟು, ಮೂಲೆಗೆ ಮೂಲೆ ಕೂಡಿಸಬೇಕು. ಮಾತಿಲ್ಲ, ಸನ್ನೆಯಿಲ್ಲ. ನೆರಳಪ್ಪನಿಗೆ ದೇವರು ಕೊಟ್ಟ ಏಕಮಾತ್ರ ಪ್ರತಿಭೆ ಇದೇ. ಅಕ್ಕ ಆಕಳಿಸಿದರೆ ಇವನ ಬಾಯಿ ತೆರೆಯುತ್ತಿತ್ತು. ಅಕ್ಕ ಸೊಂಟ ಹಿಡಿದುಕೊಂಡರೆ ಇವನ ಕೈಯೂ ಸೊಂಟಕ್ಕೆ. ಸ್ವಂತದ್ದೆಂದು ಅವನಲ್ಲಿದ್ದದ್ದು ಹಸಿವೊಂದೇ. ಅದೂ ಎದುರಿಗೆ ಯಾರಾದರೂ ತಿನ್ನುತ್ತಿದ್ದರೆ ಮಾತ್ರ ಜೋರಾಗುತ್ತಿತ್ತು.

ಅವನ ಕೆಲಸ ಕಾಯಂ ಆಗಬೇಕಿದ್ದ ದಿನ ಯಜಮಾನರು ಸುತ್ತು ಹಾಕಲು ಬಂದರು. ಮಂಡಿನೋವಿನ ಮನುಷ್ಯ, ಎಡಕ್ಕೆ ವಾಲಿ ವಾಲಿ ನಡೆಯುತ್ತಾರೆ. ನೆರಳಪ್ಪ ಭಯಭಕ್ತಿಯಿಂದ ಹಿಂದೆಯೇ ಹೊರಟ. ಇಸ್ತ್ರಿ ಯಂತ್ರ ದಾಟುವಷ್ಟರಲ್ಲಿ ಅವನೂ ವಾಲುತ್ತಿದ್ದ. ಯಾರೋ ಕಿಸಕ್ಕೆಂದರು. ಯಜಮಾನರು ತಿರುಗಿದರು.

"ಏನಯ್ಯಾ, ನನ್ನನ್ನೇ ಅಣಕಿಸ್ತೀಯಾ?"

"ಅಯ್ಯೋ ಇಲ್ಲ ಸಾರ್, ಕಾಲು ತಾನಾಗೇ..."

"ತಾನಾಗೇನಾ? ಹಾಗಾದ್ರೆ ತಾನಾಗೇ ಮನೆಗೂ ಹೋಗುತ್ತೆ, ಹೋಗು."

ಮಗನ ಕೆಲಸ ಕಾಯಮಾಯಿತೆಂದು ಅವನ ಅಮ್ಮ ಬೆಳಗ್ಗೆಯೇ ಬೀದಿಗೆಲ್ಲ ಸಾರಿಯಾಗಿತ್ತು. ನೆರಳಪ್ಪನ ಮುಖ ಆಗತಾನೇ ಒಗೆದ ಶೀಟಾಯಿತು.

ಅಕ್ಕ ನಡುವೆ ಬಂದಳು. "ಬಿಡಿ ಸಾರ್, ಅಣಕಿಸೋಕೆ ಬುದ್ಧಿ ಬೇಕು. ಇವನ ಜೊತೆ ಒಂದು ಶೀಟು ಮಡಿಸಿ ನೋಡಿ, ಗೊತ್ತಾಗುತ್ತೆ."

ಅವನ ಪರವಾಗಿ ಅಷ್ಟು ಒಳ್ಳೆಯ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ.

ಯಜಮಾನರೂ ಒಂದು ಕಾಲಕ್ಕೆ ಇದೇ ಮೇಜಿನವರು. ಮಂಡಿ ಕೈಕೊಟ್ಟ ಮೇಲೆ ಅವರ ಜೊತೆ ಯಾರು ಮಡಿಸಿದರೂ ಶೀಟು ಸೊಟ್ಟಗಾಗಿ, ಕೊನೆಗೆ ಕೈಬಿಟ್ಟಿದ್ದರು. ಈಗ ಬಿಗುಮಾನದಿಂದಲೇ ಒಂದು ತುದಿ ಹಿಡಿದರು. ನೆರಳಪ್ಪ ಹಲ್ಲು ಕಚ್ಚಿ, ಸೈನಿಕನಂತೆ ನೆಟ್ಟಗೆ ಹೆಜ್ಜೆಯಿಟ್ಟ. ಶೀಟು ಸೊಟ್ಟ.

"ಯೋಚನೆ ಮಾಡ್ಬೇಡ್ವೋ!" ಅಕ್ಕ ಗದರಿದಳು. "ನಿಂಗದು ಅಭ್ಯಾಸ ಇಲ್ಲ."

ಅವನು ತಲೆಗೆ ರಜೆ ಕೊಟ್ಟ. ಎರಡನೆಯ ಸಲ ಇಬ್ಬರೂ ಜಾಡಿಸಿದರು, ಇಬ್ಬರೂ ವಾಲಿದರು, ಮೂಲೆಗೆ ಮೂಲೆ ಬಂದು ಕೂತಿತು.

ಯಜಮಾನರು ಆ ಮೂಲೆಯ ಮೇಲೆ ಬೆರಳಾಡಿಸಿದರು. "ನಾಳೆಯಿಂದ ಕಾಯಂ," ಎಂದರು. "ನನ್ನ ಹಿಂದೆ ಮಾತ್ರ ಬರ್ಬೇಡ, ಮಾರಾಯ."

ನೆರಳಪ್ಪ ಸಂಕೋಚದಿಂದ ಕತ್ತು ಕೆರೆದುಕೊಂಡ. ಯಜಮಾನರೂ ಕೆರೆದುಕೊಂಡರು.

ಈ ಸಲ ಕಿಸಕ್ಕೆನ್ನುವ ಧೈರ್ಯ ಯಾರಿಗೂ ಬರಲಿಲ್ಲ.