ಅಟ್ಟದ ಹಲಸು

ಹೊಸನಗರದ ಹತ್ತಿರದ ಹಳ್ಳಿಯ ದುಗ್ಗಪ್ಪ ಲೇತಿನಲ್ಲಿ ತೊಟ್ಟಿಲಿನ ಕಾಲುಗಳನ್ನು ಕಡೆದು ಬದುಕುತ್ತಿದ್ದ. ಅದಕ್ಕೆ ಬೇಕಾದ ಒಣ ಹಲಸಿನ ತುಂಡು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಾಗರದ ಸಾಮಿಲ್ಲಿನಿಂದ ಹಸಿ ತುಂಡು ತಂದು, ತುದಿಗಳಿಗೆ ಮೇಣ ಬಳಿದು, ಮೂರು ವರ್ಷ ಅಟ್ಟದಲ್ಲಿಡಬೇಕು. ಇಲ್ಲದಿದ್ದರೆ ಸೀಳು ಬಿಡುತ್ತದೆ. ತಿಂಗಳಿಗೊಮ್ಮೆ ಅವುಗಳನ್ನು ಮಗುಚಿಡುತ್ತಿದ್ದವಳು ಹೆಂಡತಿ ಗುತ್ಯಮ್ಮ. “ಹೆತ್ತ ಮಕ್ಕಳಿಗೂ ಇಷ್ಟು ಮಗ್ಗುಲು ಬದಲಿಸ್ಲಿಲ್ಲ ನಾನು” ಎಂದು ನಗುತ್ತಿದ್ದಳು.

ಈ ಆಷಾಢದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ಗುತ್ಯಮ್ಮ ತೀರಿಕೊಂಡಳು. ಊರವರು ಹೊತ್ತು ತಂದ ಸೌದೆಯೆಲ್ಲ ನೆನೆದಿತ್ತು.

“ದುಗ್ಗಣ್ಣ, ಇದು ಹೊತ್ತೋದಿಲ್ಲ. ಸಾಗರದಿಂದ ಒಣಗಿದ್ದು ತರ್ತೀನಿ, ಸಂಜೆ ಆಗ್ತದೆ” ಎಂದ ಪಕ್ಕದ ಮನೆಯ ನಾಗೇಂದ್ರ.

“ಅಲ್ಲೀವರೆಗೆ ಅವಳನ್ನ ಅಂಗಳದಲ್ಲಿ ಮಲಗಿಸ್ಲಾ? ಅಟ್ಟ ಹತ್ತು ಮಾರಾಯ.”

“ಅದು ನಿನ್ನ ಅನ್ನ ಅಲ್ವೇನೋ ಅಣ್ಣ! ಮತ್ತೆ ಮೂರು ವರ್ಷ ಏನ್ಮಾಡ್ತೀಯ?”

ದುಗ್ಗಪ್ಪ ತಾನೇ ಏಣಿ ಹತ್ತಿ, ಶಿವಶಿವಾ ಎನ್ನುತ್ತ ಒಂದೊಂದೇ ತುಂಡನ್ನು ಕೆಳಗೆ ಕೊಟ್ಟ. ಕೊನೆಗೆ ನಾಲ್ಕು ಉಳಿದವು, ಒಂದು ತೊಟ್ಟಿಲಿಗೆ ಆಗುವಷ್ಟು. “ಅವಾದ್ರೂ ಇರಲಿ” ಎಂದ ನಾಗೇಂದ್ರ.

ದುಗ್ಗಪ್ಪ ಅವನ್ನೂ ಎತ್ತಿಕೊಟ್ಟ. ಚಿತೆ ಒಮ್ಮೆಗೇ ಹೊತ್ತಿಕೊಂಡಿತು, ಹೊಗೆಯೂ ಬರಲಿಲ್ಲ.