ಎಡಕ್ಕೆ ಹೊರಳದ ಜೀಪು

ಗದಗಿನಿಂದ ಮುಂಡರಗಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ನಮ್ಮ ಮನೆಯ ಎದುರಿಗೆ ಅತಾವುಲ್ಲಾ ಅವರ ಗ್ಯಾರೇಜು ಇದೆ. ಅವರ ಹಿರಿಯರು ಬೆಟಗೇರಿಯಲ್ಲಿ ಟಾಂಗಾ ಓಡಿಸುತ್ತಿದ್ದವರು. ತಂದೆ ಕುದುರೆ ಮಾರಿ ಜೀಪಿನ ಕೆಲಸ ಕಲಿತರು. ಆದರೆ ಟಾಂಗಾ ಕಾಲದ ಒಂದು ಪದ್ಧತಿಯನ್ನು ಬಿಡಲಿಲ್ಲ: ಅಂಗಳದಿಂದ ಹೊರಡುವ ಗಾಡಿಯ ಮೊದಲ ಹೊರಳು ಬಲಕ್ಕೇ ಆಗಬೇಕು. ಗಿರಾಕಿ ಯಾವ ಜಾತಿಯವನಾದರೂ ಈ ಮಾತಿಗೆ ಎದುರಾಡುತ್ತಿರಲಿಲ್ಲ. ನಿಂಬೆಹಣ್ಣು ತುಳಿಸುವವನು ತುಳಿಸುತ್ತಿದ್ದ, ದುವಾ ಮಾಡುವವನು ಮಾಡುತ್ತಿದ್ದ, ಗಾಡಿ ಬಲಕ್ಕೆ ಹೊರಳಿ ರಸ್ತೆಗೆ ಇಳಿಯುತ್ತಿತ್ತು. ಮುಂದೆ ಎಡಭಾಗದ ಜಾಗದಲ್ಲಿ ನೆರೆಯವರು ಗೋಡೆ ಎಬ್ಬಿಸಿದಾಗ ಅತಾವುಲ್ಲಾ ತಕರಾರು ತೆಗೆಯಲಿಲ್ಲ. ಎಡಕ್ಕೆ ಹೊರಳುವ ಅಗತ್ಯವೇ ಅವರಿಗೆ ಬಿದ್ದಿರಲಿಲ್ಲ.

ಅವರಿಗೀಗ ಐವತ್ತೆಂಟು. ಮಾತು ಕಡಿಮೆ. ಬಿಗಿದ ಪ್ರತಿ ನಟ್ಟಿನ ಮೇಲೆ ಸೀಮೆಸುಣ್ಣದ ಒಂದು ಗೀರು ಎಳೆಯುತ್ತಾರೆ. ಗೀರಿಲ್ಲದ ನಟ್ಟನ್ನು ಬಿಗಿದೇ ಇಲ್ಲವೆಂದು ತಿಳಿದು ಮತ್ತೆ ಬಿಗಿಯುತ್ತಾರೆ. ಅವರ ಕೈಯಿಂದ ಹೋದ ಗಾಡಿ ಅದೇ ದೂರಿಗೆ ತಿರುಗಿ ಬಂದದ್ದನ್ನು ನಾನು ನೋಡಿರಲಿಲ್ಲ.

ಹಿರೇವಡ್ಡಟ್ಟಿಯ ಯಮನೂರಪ್ಪ ಅವರ ಹಳೆಯ ಗಿರಾಕಿ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಹಳೆಯ ಜೀಪಿನಲ್ಲಿ, ಗಾಳಿಯಂತ್ರ ದುರಸ್ತಿ ಮಾಡುವ ಕೆಲಸಗಾರರನ್ನು ಕಪ್ಪತಗುಡ್ಡದ ಕಲ್ಲುದಾರಿಯಲ್ಲಿ ಹತ್ತಿಸಿ ಇಳಿಸುವುದು ಅವನ ಉದ್ಯೋಗ. ಚಕ್ರ ಕಲ್ಲಿಗೆ ಬಡಿದಾಗ ಅದರ ಒದೆತ ಚಾಲಕನ ಕೈಗೆ ತಲುಪದಂತೆ ತಡೆಯಲು ಮುಂಭಾಗದಲ್ಲಿ ಎಣ್ಣೆ ತುಂಬಿದ ಒಂದು ಕೊಳವೆ ಇರುತ್ತದೆ. ಗ್ಯಾರೇಜಿನಲ್ಲಿ ಅದನ್ನು ಸ್ಟೇರಿಂಗ್ ಶಾಕ್ ಎನ್ನುತ್ತಾರೆ. ಈ ಜೀಪಿನಲ್ಲಿ ಅದು ತೀರ ಕೆಳಗೆ ತೂಗುತ್ತಿದ್ದುದರಿಂದ ಗುಡ್ಡದ ಕಲ್ಲಿಗೆ ಸಿಕ್ಕಿ ಮತ್ತೆ ಮತ್ತೆ ಬಾಗುತ್ತಿತ್ತು. ಬಾಗಿದಾಗಲೆಲ್ಲ ಒದೆತ ನೇರವಾಗಿ ಯಮನೂರಪ್ಪನ ಬಲ ಮಣಿಕಟ್ಟಿಗೆ ಬರುತ್ತಿತ್ತು. ಆ ಮಣಿಕಟ್ಟು ಹಿಂದೊಮ್ಮೆ ಮುರಿದು ಕೂಡಿದ್ದು. ಕೈ ಗಟ್ಟಿಯಿಲ್ಲದವನನ್ನು ಗುಡ್ಡಕ್ಕೆ ಕಳಿಸುವುದಿಲ್ಲವೆಂದು ಗುತ್ತಿಗೆದಾರ ಆಗಲೇ ಹೇಳಿದ್ದ.

ಕಳೆದ ಬೇಸಿಗೆಯ ಕೊನೆಯಲ್ಲಿ ಅವನು ಜೀಪು ತಂದು ನಿಲ್ಲಿಸಿದ.

“ಚಾಚಾ, ಈ ಶಾಕ್ ತಗದು ಮ್ಯಾಲೆ ಎತ್ತಿ ಕೂಡ್ಸಿಬಿಡು. ಕಲ್ಲಿಗೆ ಸಿಗಬಾರದು ನೋಡು.”

“ಮೊದಲ ನಿನ್ನ ಬಾಯಿ ಎತ್ತಿ ಕಟ್ಟಬೇಕಲೇ. ಮುಂಜಾನಿಂದ ಒಂದs ಸವನ ಹಚ್ಚೀದಿ,” ಎಂದರು ಅತಾವುಲ್ಲಾ.

ಕೆಲಸಕ್ಕೆ ಪೂರ್ತಿ ಒಂದು ದಿನ ಹಿಡಿಯಿತು. ಕೊಳವೆಯನ್ನು ಹಿಡಿದಿದ್ದ ಹಳೆಯ ಹಿಡಿಕೆಯನ್ನು ಕೊಯ್ದು ತೆಗೆದು, ಕೊಳವೆಯ ಒಂದು ತುದಿಯನ್ನು ಚಕ್ರಗಳನ್ನು ಜೋಡಿಸುವ ರಾಡಿನ ಮೇಲ್ಬದಿಗೂ ಇನ್ನೊಂದು ತುದಿಯನ್ನು ಗಾಡಿಯ ಅಡಿಯ ಚೌಕಟ್ಟಿಗೂ, ಅಂದರೆ ಚಾಸಿಗೂ ತಂದರು. ಚಾಸಿಗೆ ಹೊಸ ಹಿಡಿಕೆ ಬೆಸೆದು ಬೋಲ್ಟು ಬಿಗಿದು ಗೀರು ಎಳೆದರು. ಜಾಕಿನ ಮೇಲೆ ಗಾಡಿ ಎತ್ತಿ ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ ನೋಡಿದರು. ಎಲ್ಲಿಯೂ ತಾಗಲಿಲ್ಲ. ಬಳಿಕ ನೆಲಕ್ಕಿಳಿಸಿ, ಹೊರೆಯಲ್ಲಿಯೂ ನೋಡಬೇಕೆಂದು ಚಹಾದಂಗಡಿಯಲ್ಲಿ ಕುಳಿತವರನ್ನು ಕರೆದು ಮುಂದಿನ ಬಂಪರಿನ ಮೇಲೆ ನಿಲ್ಲಿಸಿದರು. ಆ ಹಳೆಯ ಸ್ಟೇರಿಂಗು ಹೊರೆ ಬಿದ್ದಾಗ ನಿಂತಲ್ಲಿ ತಿರುಗುವುದಿಲ್ಲ, ಗಾಡಿ ಉರುಳುತ್ತಿರಬೇಕು. ಉರುಳಿಸಿ ಬಲಕ್ಕೆ ತಿರುಗಿಸಿದರು. ಸರಾಗವಾಗಿತ್ತು. ಎಡಕ್ಕೆ ಉರುಳಿಸಲು ಗೋಡೆ ಅಡ್ಡವಿತ್ತು. ಗಾಡಿ ಬಲಕ್ಕೆ ಹೊರಳಿ ರಸ್ತೆಗೆ ಹೋಯಿತು.

ಮರುದಿನ ಅದೇ ಜೀಪು ಕೆಲಸಗಾರರನ್ನು ಹೊತ್ತು ಗುಡ್ಡ ಏರಿತು. ಏರುವಾಗ ಏನೂ ಆಗಲಿಲ್ಲ. ಮಧ್ಯಾಹ್ನ ಇಳಿಯುವಾಗ ಎಡಕ್ಕೆ ಹೊರಳುವ ಒಂದು ಕಡಿದಾದ ತಿರುವಿನಲ್ಲಿ ಅದು ಹೊರಳದೆ ನೇರವಾಗಿ ಅಂಚು ದಾಟಿ ಕೆಳಗಿನ ಕೊರಕಲಿಗೆ ಉರುಳಿತು. ಉಳಿದವರು ಗಾಯಗೊಂಡು ಬದುಕಿದರು. ಹಿಂದೆ ಹತಾರದ ಪೆಟ್ಟಿಗೆಯ ಮೇಲೆ ಕುಳಿತಿದ್ದ ವಿಶಾಲ, ಶಿಗ್ಲಿಯ ಹುಡುಗ, ಇಪ್ಪತ್ತಾರರವನು, ಗಾಡಿಯ ಅಡಿಯಲ್ಲಿ ಸಿಕ್ಕಿ ಅಲ್ಲಿಯೇ ತೀರಿಕೊಂಡ.

ಜೀಪನ್ನು ಕ್ರೇನಿನಿಂದ ಎತ್ತಿ ಪೊಲೀಸ್ ಠಾಣೆಯ ಅಂಗಳಕ್ಕೆ ತಂದರು. ಮುಂಭಾಗ ಇನ್ನೂ ಕ್ರೇನಿಗೆ ತೂಗುತ್ತಿದ್ದಾಗಲೇ ಸ್ಟೇರಿಂಗು ತಿರುಗಿಸಿ ನೋಡಿದರಂತೆ. ಎರಡೂ ಬದಿಗೆ ಸಲೀಸಾಗಿ ತಿರುಗಿತು. ಬ್ರೇಕೂ ಸರಿಯಿತ್ತು. ಗಾಡಿಯಲ್ಲಿ ದೋಷವಿಲ್ಲವೆಂದ ಮೇಲೆ ತಪ್ಪು ಚಾಲಕನದೆಂದಾಯಿತು. ಕುಡಿದಿದ್ದನೆಂದು ಕೆಲವರು, ತೂಕಡಿಸಿದನೆಂದು ಕೆಲವರು ಹೇಳಿದರು. ಮಣ್ಣು ಮುಗಿಸಿದ ಮರುದಿನ ವಿಶಾಲನ ತಂದೆ ಕಲ್ಲಣ್ಣ ಮತ್ತು ಓಣಿಯ ಜನ ಹಿರೇವಡ್ಡಟ್ಟಿಗೆ ಹೋಗಿ, ಯಮನೂರಪ್ಪನ ಬಾಗಿಲಿಗೆ ಹಿಡಿ ಹಿಡಿ ಮಣ್ಣು ತೂರಿ ಶಾಪ ಹಾಕಿ ಬಂದರು. ಆಗ ಮನೆಯಲ್ಲಿ ಅವನ ಹೆಂಡತಿ ಪ್ರಿಯಾ ಒಬ್ಬಳೇ ಇದ್ದಳು.

ಯಮನೂರಪ್ಪ ಗದಗಿನ ಆಸ್ಪತ್ರೆಯಲ್ಲಿದ್ದ. ಅತಾವುಲ್ಲಾ ನೋಡಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಅವನು ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ಮಾತಾಡಿದ.

“ಎಡಕ್ಕ ಎಳದ್ನಿ ಚಾಚಾ. ಅರ್ಧಕ್ಕ ನಿಂತs ಬಿಟ್ತು. ಮಣಿಕಟ್ಟ ಕೈಕೊಡ್ತೋ ಏನೋ, ತಿಳೀವಲ್ದು.”

ಅತಾವುಲ್ಲಾ ಅವನ ಹೊದಿಕೆಯನ್ನು ಸರಿಪಡಿಸಿ ಎದ್ದರು. ಮನೆಗೆ ಹೋಗದೆ ಗ್ಯಾರೇಜಿನ ಅಂಗಳದಲ್ಲಿ ಗೋಡೆಗೆ ಎದುರಾಗಿ ಬಹಳ ಹೊತ್ತು ನಿಂತಿದ್ದರು. ಸಂಜೆ ಅವರ ಪತ್ನಿ ಮೋತಿಬಿ ನನ್ನನ್ನು ಕರೆಸಿದರು. ಊಟದ ತಾಟು ಮುಚ್ಚಿಟ್ಟಂತೆಯೇ ಇತ್ತು.

ಅತಾವುಲ್ಲಾ ನನಗೆ ಲೆಕ್ಕ ಬಿಡಿಸಿ ಹೇಳಿದರು. ಜಾಕಿನ ಮೇಲಿದ್ದಾಗ ಗಾಡಿಯ ಭಾರ ಹೊರುವ ಮುಂದಿನ ಕಮಾನು ಪಟ್ಟಿಗಳು ಸಡಿಲಾಗಿ ಚಾಸಿ ಮೇಲಿರುತ್ತದೆ. ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬಂದು ಚಾಸಿ ತಗ್ಗುತ್ತದೆ. ಆಗ ಎಡಕ್ಕೆ ತಿರುಗಿಸಿದರೆ, ತಾವು ಹೊಸದಾಗಿ ಹಾಕಿದ ಬೋಲ್ಟು ಕಮಾನು ಪಟ್ಟಿಯ ಕಟ್ಟಿಗೆ ತಾಗಿ ನಿಂತಿರಬೇಕು.

“ಬಲಕ್ಕ ಹೊರಿ ಹಾಕಿ ನೋಡೇನ್ರಿ ಸರ. ಎಡಕ್ಕ ಜಾಕಿನ ಮ್ಯಾಲೆ ಅಷ್ಟs ನೋಡೇನಿ.”

ಹಾಗೆಂದು ಖಾತ್ರಿಯಿಲ್ಲವಲ್ಲ ಎಂದೆ. ನೋಡಿದರೆ ಖಾತ್ರಿಯಾಗುತ್ತದೆ ಎಂದರು. ನಾಳೆ ಠಾಣೆಗೆ ಹೋಗುವುದಾಗಿ ಹೇಳಿದಾಗ ಮೋತಿಬಿ ಬಾಗಿಲಿಗೆ ಅಡ್ಡ ಕುಳಿತರು.

“ನೀವು ಹೇಳಿದ್ರ ಸತ್ತಾಂವ ಎದ್ದು ಬರ್ತಾನೇನು?”

“ಬದುಕಿದಾಂವ ಒಬ್ಬ ಅದಾನಲ್ಲ.”

ಮರುದಿನ ನಾನೂ ಜೊತೆಗೆ ಹೋದೆ. ಠಾಣೆಯ ಅಧಿಕಾರಿ ಅವರ ಮಾತನ್ನು ತಡೆಯದೆ ಕೇಳಿದರು. ಜೀಪಿನ ಮೇಲ್ಭಾಗ ನಜ್ಜುಗುಜ್ಜಾಗಿತ್ತು, ಮುಂದಿನ ಚಕ್ರಗಳು ನೆಟ್ಟಗಿದ್ದವು. ಮೊದಲು ಹೊರೆಯಿಲ್ಲದೆ ತಳ್ಳಿಸಿದರು. ಚಕ್ರ ಎರಡೂ ಕಡೆ ತಿರುಗಿತು. ಬಳಿಕ ಇಬ್ಬರು ಪೇದೆಗಳೂ ನಾನೂ ಬಂಪರಿನ ಮೇಲೆ ನಿಂತೆವು, ಉಳಿದವರು ಹಿಂದಿನಿಂದ ತಳ್ಳಿದರು. ಅತಾವುಲ್ಲಾ ಎಡಕ್ಕೆ ಎಳೆದರು. ನನ್ನ ಕಾಲಿನ ಕೆಳಗೆ ‘ಟಕ್’ ಎಂದು ಸಣ್ಣದೊಂದು ಸಪ್ಪಳವಾಯಿತು. ಸ್ಟೇರಿಂಗು ಅರ್ಧಕ್ಕೆ ನಿಂತಿತು. ಅವರು ಎರಡೂ ಕೈಯಿಂದ ಜಗ್ಗಿದರು, ಅದು ಜರುಗಲಿಲ್ಲ. ನಾವು ಇಳಿದ ಕೂಡಲೇ ಸಡಿಲವಾಯಿತು.

ಅವರು ಅಡಿಯಲ್ಲಿ ತೂರಿ, ಕೆಸರು ಒರೆಸಿ, ಬೋಲ್ಟಿನ ಮೇಲಿನ ಹಸಿ ಗಾಯವನ್ನು ಅಧಿಕಾರಿಗೆ ತೋರಿಸಿದರು. ಅವರು ಎಳೆದ ಸುಣ್ಣದ ಗೀರು ಪಕ್ಕದಲ್ಲಿ ಅರ್ಧ ಉಳಿದಿತ್ತು. ಇದೆಲ್ಲ ನಿಮ್ಮ ಮೇಲೆ ಬರುತ್ತದೆ, ತಿಳಿದಿದೆಯೇ ಎಂದು ಅಧಿಕಾರಿ ಕೇಳಿದರು. ತಿಳಿದಿದೆ ಎಂದು ಅತಾವುಲ್ಲಾ ತಲೆಯಾಡಿಸಿದರು.

ಪ್ರಕರಣ ಅವರ ಮೇಲಾಯಿತು. ಜಾಮೀನು ಸಿಕ್ಕಿತು. ಗ್ಯಾರೇಜಿನ ತಗಡಿನ ಬಾಗಿಲನ್ನು ಅವರೇ ಎಳೆದು ಮುಚ್ಚಿದರು, ಯಾರೂ ಮುಚ್ಚಿಸಲಿಲ್ಲ.

ಸುದ್ದಿ ಶಿಗ್ಲಿಗೆ ಮುಟ್ಟಿದ ಬಳಿಕ ಒಂದು ಮುಂಜಾನೆ ಕಲ್ಲಣ್ಣ ಬಸ್ಸಿಳಿದು ಬಂದರು. ಬೈಯುತ್ತಾರೆಂದು, ಹೊಡೆಯಲೂಬಹುದೆಂದು ನಾನು ಎದುರಿನ ಕಟ್ಟೆಯಿಂದ ಎದ್ದು ಗ್ಯಾರೇಜಿಗೆ ಹೋದೆ. ಕಲ್ಲಣ್ಣ ಹೇಗಾಯಿತೆಂದು ತೋರಿಸಲು ಹೇಳಿದರು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಚಾಸಿಯ ಮೇಲೆ ಅತಾವುಲ್ಲಾ ತೋರಿಸಿದರು.

“ಎಷ್ಟು ಸರಸಬೇಕಾಗಿತ್ತು?” ಎಂದು ಕಲ್ಲಣ್ಣ ಕೇಳಿದರು.

“ಎರಡು ಬೆರಳು.”

ಕಲ್ಲಣ್ಣ ತಮ್ಮ ಎರಡು ಬೆರಳನ್ನು ಆ ಕಬ್ಬಿಣದ ಮೇಲೆ ಒತ್ತಿಟ್ಟು ನೋಡಿದರು. ಆಮೇಲೆ ಕೈಯನ್ನು ಧೋತರಕ್ಕೆ ಒರೆಸಿಕೊಂಡರು.

“ತಪ್ಪಿಲ್ಲದವನ ಮನಿಗೆ ಮಣ್ಣು ತೂರಿ ಬಂದೇವಿ. ನೀವು ಬಂದು ಅವರ ಮುಂದ ಹೇಳ್ರಿ. ನಾ ಹೇಳಿದ್ರ ನಂಬಾಂಗಿಲ್ಲ.”

ಅಂದೇ ಮೂವರೂ ಮುಂಡರಗಿಯ ಬಸ್ಸು ಹತ್ತಿ ಹಿರೇವಡ್ಡಟ್ಟಿಗೆ ಹೋದೆವು. ಯಮನೂರಪ್ಪ ಆಸ್ಪತ್ರೆಯಿಂದ ಬಂದು ಪಡಸಾಲೆಯಲ್ಲಿ ಕುಳಿತಿದ್ದ. ಪ್ರಿಯಾ ಕಂಬದ ಹಿಂದೆ ನಿಂತಿದ್ದಳು. ಅತಾವುಲ್ಲಾ ಹೊಸ್ತಿಲ ಹೊರಗೇ ನಿಂತು, ಜಾಕಿನಿಂದ ಹಿಡಿದು ಬೋಲ್ಟಿನವರೆಗೆ, ಒಂದನ್ನೂ ಬಿಡದೆ ಹೇಳಿದರು. ಕಲ್ಲಣ್ಣ ಕೈಮುಗಿದು ನಿಂತಿದ್ದರು.

ಯಮನೂರಪ್ಪ ತನ್ನ ಬಲ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಕೇಳಿದ. ಎಲ್ಲ ಮುಗಿದ ಮೇಲೆ ಹೇಳಿದ.

“ಪೊಲೀಸರ ಮುಂದ ನಾನs ಒಪ್ಪಿದ್ನಿ. ಕೈ ಸೋತು ಹುಡುಗನ್ನ ಕೊಂದೇನಿ ಅಂದಿದ್ನಿ. ದಿನಾ ರಾತ್ರಿ ಈ ಕೈನ್ನ ನೆಲಕ್ಕ ಬಡದು ಬಡದು ಕೆಡಿಸಿಕೊಂಡೇನಿ ಚಾಚಾ. ಡಾಕ್ಟರು ಇನ್ನ ಇದು ಸ್ಟೇರಿಂಗ್ ಹಿಡಿಯಾಂಗಿಲ್ಲ ಅಂತಾರ.”

ಅತಾವುಲ್ಲಾ ಒಂದು ಹೆಜ್ಜೆ ಒಳಗಿಟ್ಟರು. ಯಮನೂರಪ್ಪ ತಲೆಯೆತ್ತಲಿಲ್ಲ.

ಪ್ರಿಯಾ ನೀರಿನ ತಂಬಿಗೆ ತಂದು ಕಲ್ಲಣ್ಣನ ಮುಂದಿಟ್ಟಳು. ನನ್ನ ಮುಂದೆ ಒಂದು ಇಟ್ಟಳು. ಅತಾವುಲ್ಲಾ ಆ ಮನೆಯಲ್ಲಿ ಎಷ್ಟೋ ಸಲ ಅವಳ ಕೈಯ ರೊಟ್ಟಿ ಉಂಡವರು. ಅವಳು ಅವರನ್ನು ದಾಟಿ ಒಳಗೆ ಹೋದಳು. ಅವರು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು, ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿ, ಬಸ್ಸು ನಿಲ್ಲುವ ಕಡೆಗೆ ನಡೆದರು.